ಕ್ಯಾನಿನಲ್ಲಿ ಉಳಿದ ನೀರು

ಮಾರ್ಚ್ 3, ಸೋಮವಾರ

ಬರೆದಿಡಿ ಎಂದು ಮೇಸ್ತ್ರಿ ಹೇಳಿದ್ದಾನೆ, ಅದಕ್ಕೇ ಈ ಬರವಣಿಗೆ. ಗಿರಾಕಿಗಳ ಅಳತೆ ಪುಸ್ತಕವನ್ನೇ ಹಿಂದುಮುಂದಾಗಿ ತಿರುಗಿಸಿಕೊಂಡಿದ್ದೇನೆ. ಮುಂದಿನಿಂದ ಜನರ ಸೊಂಟ ಮತ್ತು ತೋಳು, ಹಿಂದಿನಿಂದ ಕಾರಿನ ನೀರು. ಇದು ಇವರ ಕೈಗೆ ಸಿಗಬಾರದು. ಮೂವತ್ತು ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದಿದ ಗಂಡ. ಸಿಕ್ಕರೆ ಓದುವುದಿರಲಿ, ಕೆಂಪು ಪೆನ್ನಿನಲ್ಲಿ ನನ್ನ ಒತ್ತಕ್ಷರಗಳನ್ನೆಲ್ಲ ಸರಿಮಾಡಿ ಕೊಟ್ಟಾರು.

ಆದದ್ದು ಇಷ್ಟು. ಬೆಳಿಗ್ಗೆ ಇವರನ್ನು ಡಯಾಲಿಸಿಸ್‌ಗೆ ಕರೆದೊಯ್ಯುವಾಗ, ದೊಡ್ಡ ಏರಿನ ಅರ್ಧದಲ್ಲಿ, ಬಿಸಿ ತೋರಿಸುವ ಮುಳ್ಳು ಕೆಂಪಿನ ಹತ್ತಿರ ಹೋಯಿತು. ಬಾನೆಟ್ಟಿನ ಸಂದಿಯಿಂದ ಆವಿ ಬಂತು. ಕಾರಿಗೆ ಇಪ್ಪತ್ತೊಂದು ವರ್ಷ, ನಾನು ಓಡಿಸಲು ಕಲಿತು ನಾಲ್ಕು ತಿಂಗಳು. ಸ್ಟಿಯರಿಂಗ್ ಹಿಡಿದುಕೊಂಡೇ ಕೂತೆ. ಹಿಂದಿನ ಸೀಟಿನಲ್ಲಿ ಒರಗಿದ್ದ ಇವರು, "ಆಫ್ ಮಾಡು. ಬಾನೆಟ್ ಮುಟ್ಬೇಡ. ಉಸಿರು ಬಿಡು" ಎಂದರು. ಉಸಿರು ಬಿಡಬೇಕಾದದ್ದು ನಾನು ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಇವರ ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ ಯಂತ್ರಕ್ಕೆ ಹಾಕಬೇಕು. ಆಸ್ಪತ್ರೆ ಮೂವತ್ನಾಲ್ಕು ಕಿಲೋಮೀಟರ್. ಬಸ್ಸಾದರೆ ಎರಡು ಕಡೆ ಇಳಿದು ಹತ್ತಬೇಕು, ಇವರು ಎರಡು ನಿಮಿಷವೂ ನಿಲ್ಲಲಾರರು. ಕಾರು ನಿಂತರೆ ಇವರ ಗತಿ ಏನು ಎನ್ನುವುದನ್ನು ಬರೆಯಲು ಕೈ ಬರುತ್ತಿಲ್ಲ.

ನಮ್ಮ ಬೀದಿಯ ಕೊನೆಯ ಗ್ಯಾರೇಜಿನ ಮೇಸ್ತ್ರಿ ಬಾನೆಟ್ ಎತ್ತಿ ಬಿಳಿ ಪ್ಲಾಸ್ಟಿಕ್ ಟ್ಯಾಂಕ್ ತೋರಿಸಿದ. ಮೇಲೊಂದು ಗೆರೆ, ಕೆಳಗೊಂದು ಗೆರೆ. ಒಳಗೆ ತೊಟ್ಟು ನೀರಿಲ್ಲ.

"ಅಕ್ಕಾ, ದಿನಾ ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಮೇಲಿನ ಗೆರೆ ತನಕ ತುಂಬ್ಸಿ. ಎಷ್ಟು ಹಿಡೀತು ಅಂತ ಬರೆದಿಡಿ. ಉಪ್ಪು ನೀರು ಬೇಡ, ನೀವು ಕುಡಿಯೋ ಫಿಲ್ಟರ್ ನೀರೇ ಹಾಕಿ. ಬಿಸಿ ಇದ್ದಾಗ ಮಾತ್ರ ಮುಚ್ಚಳ ತೆಗೀಬೇಡಿ, ಮುಖ ಬೆಂದುಹೋಗುತ್ತೆ."

"ದಾರೀಲಿ ಮತ್ತೆ ಮುಳ್ಳು ಏರಿದ್ರೆ?"

"ಒಳಗಿನ ಹೀಟರ್ ಪೂರ್ತಿ ಹಾಕಿ, ಕಿಟಕಿ ಇಳ್ಸಿ."

"ಈ ಸೆಕೇಲಿ ಹೀಟರಾ?"

"ಇಂಜಿನ್ ಬಿಸಿ ನಿಮ್ ಕಡೆ ಬರುತ್ತೆ. ನೀವು ಬೇಯ್ತೀರಾ, ಅದು ಬದುಕುತ್ತೆ."

ಐದು ಲೀಟರಿನ ನೀಲಿ ಕ್ಯಾನ್ ತುಂಬಿಸಿದೆ. ಡಿಕ್ಕಿಯ ಬೀಗ ಕೆಟ್ಟು ಎರಡು ವರ್ಷವಾಯಿತು, ತೆರೆಯುವುದಿಲ್ಲ. ಹಾಗಾಗಿ ಹಿಂದಿನ ಸೀಟಿನ ಕಾಲ ಬಳಿ ಇಟ್ಟಿದ್ದೇನೆ.

ಮಾರ್ಚ್ 5, ಬುಧವಾರ

ಹೋಗಿ ಬಂದೆವು. ಮುಳ್ಳು ನಡುವೆಯೇ ನಿಂತಿತ್ತು. ನಾನು ರಸ್ತೆ ನೋಡಿದ್ದು ಕಡಿಮೆ, ಮುಳ್ಳು ನೋಡಿದ್ದು ಜಾಸ್ತಿ. ಇವರು ಹಿಂದಿನಿಂದ "ಮೂರನೇ ಗೇರು", "ಈಗ ಎರಡು", "ಹಾರನ್" ಎನ್ನುತ್ತಲೇ ಇದ್ದರು. ಅವರು ಹೇಳದಿದ್ದರೆ ನನಗೆ ಗೇರು ಯಾವ ಕಡೆ ಇದೆ ಎಂಬುದೂ ನೆನಪಾಗುವುದಿಲ್ಲ.

ಎಷ್ಟು ನೀರು ಹಾಕಿದೆ ಎಂದು ದಿನವೂ ಲೋಟದಲ್ಲಿ ಅಳೆಯುವುದು ಯಾರಿಗೆ ಬೇಕು. ನಾನು ದರ್ಜಿ. ನಮ್ಮ ಕಸುಬಿನಲ್ಲಿ ಕತ್ತರಿಸಿದ ತುಂಡುಗಳನ್ನೆಲ್ಲ ಕೂಡಿಸುತ್ತಾ ಕೂರುವುದಿಲ್ಲ. ಬಟ್ಟೆಯ ಥಾನಿನಲ್ಲಿ ಉಳಿದದ್ದನ್ನು ಅಳೆದರೆ ಹೋದದ್ದು ತಾನೇ ಗೊತ್ತಾಗುತ್ತದೆ. ಬೆಳಕಿಗೆ ಹಿಡಿದರೆ ಕ್ಯಾನಿನೊಳಗಿನ ನೀರಿನ ಮಟ್ಟ ಕಾಣುತ್ತದೆ. ಹೊರಗೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಗೆರೆ ಹಾಕಿದೆ. ಅಳತೆಯ ವಿಷಯದಲ್ಲಿ ಯಾರೂ ನನಗೆ ಪಾಠ ಹೇಳುವ ಹಾಗಿಲ್ಲ.

ಇವರಿಗೂ ಅಳತೆಯೇ. ದಿನಕ್ಕೆ ಎಂಟು ಸಣ್ಣ ಲೋಟ ನೀರು, ಅಷ್ಟೇ. ಹೆಚ್ಚಾದರೆ ಆ ನೀರು ಹೊರಗೆ ಹೋಗುವ ದಾರಿಯಿಲ್ಲ, ಶ್ವಾಸಕೋಶಕ್ಕೆ ಇಳಿಯುತ್ತದೆ ಎಂದು ಡಾಕ್ಟರು ಮೊದಲ ದಿನವೇ ಹೆದರಿಸಿದ್ದಾರೆ. ಫಿಲ್ಟರನ್ನೂ ಹೂಜಿಯನ್ನೂ ಹೊಲಿಗೆ ಕೋಣೆಗೆ ತಂದು ಮಿಷನ್ನಿನ ಪಕ್ಕ ಇಟ್ಟುಕೊಂಡಿದ್ದೇನೆ. ಅಡುಗೆಮನೆಯ ನಲ್ಲಿಯದು ಉಪ್ಪು ನೀರು, ಯಾರೂ ಬಾಯಿಗೆ ಹಾಕುವುದಿಲ್ಲ. ಇವರೋ ನೀರು ಕೇಳುವುದೇ ಇಲ್ಲ. ಕೊಟ್ಟಷ್ಟು ಕುಡಿದು ಸುಮ್ಮನಾಗುತ್ತಾರೆ. ಎಂಥ ಗಟ್ಟಿ ಮನುಷ್ಯ ಎಂದು ನರ್ಸಿಗೆ ಹೇಳಿಕೊಂಡೆ. ಆಕೆ ತೂಕ ಬರೆದುಕೊಳ್ಳುತ್ತಾ "ಹೂಂ" ಎಂದಳು.

ಬರುವಾಗ ಅರ್ಧ ದಾರಿಯ ನೂಲಿನ ಅಂಗಡಿಯಲ್ಲಿ ನಿಲ್ಲಿಸಿ ಗುಂಡಿ ತಂದೆ. ಇವರು ಕಾರಿನಲ್ಲೇ ಕಣ್ಣು ಮುಚ್ಚಿ ಮಲಗಿದ್ದರು, ಪಾಪ.

ಮಾರ್ಚ್ 9, ಭಾನುವಾರ

ಕ್ಯಾನಿನಲ್ಲಿ ಎರಡು ಲೀಟರ್ ಉಳಿದಿದೆ. ಒಂದು ವಾರಕ್ಕೆ ಮೂರು ಲೀಟರ್ ಮಾಯ!

ಎಲ್ಲಿ ಸೋರುತ್ತಿದೆ ನೋಡೋಣ ಎಂದು ಎರಡು ದಿನದಿಂದ ಕಾರಿನ ಅಡಿಗೆ ಬಟ್ಟೆಯ ಮಾದರಿ ಕತ್ತರಿಸುವ ಕಾಗದ ಹಾಸಿದ್ದೆ. ಬೆಳಿಗ್ಗೆ ಮಂಡಿಯೂರಿ ಎಳೆದು ನೋಡಿದರೆ ಕೋಟಿನ ಗುಂಡಿಯಷ್ಟು ಒಂದೇ ಕಲೆ. ಕಾಗದವನ್ನು ಸುತ್ತಿಕೊಂಡು ಹೋಗಿ ಮೇಸ್ತ್ರಿಗೆ ತೋರಿಸಿದೆ. ಅವನು ತಲೆ ಕೆರೆದುಕೊಂಡ.

"ಇದು ಗುಟುಕು ನೀರೂ ಅಲ್ಲ ಅಕ್ಕ. ಮೂರು ಲೀಟರ್ ಅಂತೀರಾ?"

"ಗೆರೆ ಹಾಕಿದೀನಪ್ಪ."

"ಹೊರಗೆ ಬಿದ್ದಿಲ್ಲ ಅಂದ್ರೆ ಯಾರೋ ಕುಡೀತಿದಾರೆ" ಎಂದು ಇಂಜಿನ್ನಿನ ತಲೆ ತಟ್ಟಿದ. ಬುಧವಾರ ಪೂರ್ತಿ ಪರೀಕ್ಷೆ ಮಾಡುತ್ತಾನಂತೆ.

ಸಂಜೆ ಇವರು ಎಂದಿನಂತೆ ನೆರಳಲ್ಲಿ ನಿಂತ ಕಾರಿನೊಳಗೆ ಕೂತು ರೇಡಿಯೋ ಕೇಳಿದರು. ಮನೆಯಲ್ಲಿ ನನ್ನ ಮಿಷನ್ ಸದ್ದು ತಲೆ ತಿನ್ನುತ್ತದಂತೆ. ಇಷ್ಟು ವರ್ಷ ತಿನ್ನದ ತಲೆಯನ್ನು ಈ ತಿಂಗಳು ತಿನ್ನಲು ಶುರು ಮಾಡಿದೆ. ಇರಲಿ, ಅದೊಂದು ಸಂತೋಷವಾದರೂ ಇರಲಿ.

ಮಾರ್ಚ್ 10, ಸೋಮವಾರ

ಶುಕ್ರವಾರ ಯಂತ್ರದಿಂದ ಇಳಿಸಿದಾಗಿನ ತೂಕಕ್ಕಿಂತ ಮೂರೂವರೆ ಕಿಲೋ ಹೆಚ್ಚು, ಎಲ್ಲ ನೀರೇ. ಎರಡೂವರೆ ದಾಟಬಾರದು.

"ಅಮ್ಮಾ, ನೀರು ಎಷ್ಟು ಕೊಡ್ತಿದೀರಾ?" ಎಂದು ನರ್ಸ್ ಎಲ್ಲರೆದುರು ಕೇಳಿದಳು.

"ಎಂಟು ಲೋಟ. ಎಣಿಸಿ ಕೊಡ್ತೀನಿ."

"ಎಣಿಕೆ ತಪ್ಪಿದೆ."

ನನ್ನ ಎಣಿಕೆ! ಮೈ ಉರಿಯಿತು, ಜೊತೆಗೆ ಭಯವೂ ಆಯಿತು. ಇವರ ಪಾದ ಒತ್ತಿದರೆ ಬೆರಳಿನ ಗುಳಿ ಹಾಗೇ ಉಳಿಯುತ್ತದೆ. ನೀರು ಎಲ್ಲಿಂದ ಬರುತ್ತಿದೆ? ಹಣ್ಣಿನಿಂದಲೋ ಸಾರಿನಿಂದಲೋ? ನಾಳೆಯಿಂದ ಏಳೇ ಲೋಟ.

ಮಾರ್ಚ್ 12, ಬುಧವಾರ

ಆಸ್ಪತ್ರೆಯಿಂದ ಬಂದು ನೇರ ಗ್ಯಾರೇಜಿಗೆ ಹೋದೆ. ಮೇಸ್ತ್ರಿ ರೇಡಿಯೇಟರಿನ ಬಾಯಿಗೆ ಕೈಪಂಪು ಸಿಕ್ಕಿಸಿ ಗಾಳಿ ಒತ್ತಿದ. ಅದಕ್ಕೊಂದು ಗಡಿಯಾರದಂಥ ಮುಖ, ಅದರಲ್ಲೊಂದು ಮುಳ್ಳು. ಎಲ್ಲಿಗೆ ಹೋದರೂ ನನಗೆ ಮುಳ್ಳೇ. ಗಾಳಿ ಹಿಡಿದು ನಿಂತರೆ ಸೋರಿಕೆ ಇಲ್ಲ, ಮುಳ್ಳು ಬಿದ್ದರೆ ಇದೆ. ಹತ್ತು ನಿಮಿಷದಲ್ಲಿ ಅದು ಒಂದು ಕೂದಲೆಳೆಯಷ್ಟು ಇಳಿಯಿತು. ಮುಚ್ಚಳದ ರಬ್ಬರು ಸತ್ತಿದೆ ಎಂದು ಹೊಸದು ಹಾಕಿದ. ಮೇಲಿನ ಹೋಸ್ ಪೈಪೂ ಉಬ್ಬಿತ್ತು, ಬದಲಾಯಿಸಿದ. ಆಯಿಲ್ ಕಡ್ಡಿ ಎಳೆದು ನೋಡಿದ. ನೀರು ಬೆರೆತಿದ್ದರೆ ಹಾಲು ಹಾಕಿದ ಚಹಾದ ಬಣ್ಣ ಬರುತ್ತದಂತೆ. ಬಂದಿರಲಿಲ್ಲ. ಹಿಂದಿನ ಕೊಳವೆಯಲ್ಲಿ ಬಿಳಿ ಹೊಗೆಯೂ ಇಲ್ಲ.

"ಸಣ್ಣ ಸೋರಿಕೆ ಒಂದಿದೆ, ಹುಡುಕ್ತೀನಿ. ಆದ್ರೆ ಮೂರು ಲೀಟರಿಗೆ ಅದು ಸಾಲಲ್ಲ. ಇಂಜಿನ್ನಿನ ಹೆಡ್ ಬಿಚ್ಚಿ ನೋಡ್ಬೇಕು ಅನ್ಸುತ್ತೆ."

"ಎಷ್ಟು ದಿನ?"

"ಐದು."

ಐದು ದಿನವೆಂದರೆ ಎರಡು ಡಯಾಲಿಸಿಸ್. ಆಸ್ಪತ್ರೆಯ ವ್ಯಾನು ಆ ಊರಿನೊಳಗಿನವರಿಗೆ ಮಾತ್ರ. ಸದ್ಯಕ್ಕೆ ಬಿಚ್ಚಬೇಡ, ನೀರು ಹಾಕಿಕೊಂಡೇ ಓಡಿಸುತ್ತೇನೆ ಎಂದೆ. ಅವನು ಮುಚ್ಚಳ ಬಿಗಿದು ಬಾನೆಟ್ ಇಳಿಸಿದ.

ಮಾರ್ಚ್ 14, ಶುಕ್ರವಾರ

ಭಾನುವಾರ ಮತ್ತೆ ತುಂಬಿಸಿದ ಕ್ಯಾನಿನಲ್ಲಿ ನಾಲ್ಕು ಬೆರಳು ಕಡಿಮೆ. ತೂಕ ಮೂರು ಕಿಲೋ ಹೆಚ್ಚು. ಏರಿನಲ್ಲಿ ಮುಳ್ಳು ಮುಕ್ಕಾಲಿಗೆ ಬಂತು, ಹೀಟರ್ ಹಾಕಿದೆ, ಇಳಿಯಿತು.

ಮಾರ್ಚ್ 17, ಸೋಮವಾರ

ಇವತ್ತು ಹೆದರಿದಷ್ಟು ನಾನು ಎಂದೂ ಹೆದರಿಲ್ಲ.

ಮನೆಯ ಮೂರು ಮೆಟ್ಟಿಲು ಇಳಿಯುವಷ್ಟರಲ್ಲಿ ಇವರಿಗೆ ಉಸಿರು ಸಿಗಲಿಲ್ಲ. ಬಾಯಿ ತೆರೆದುಕೊಂಡು ಗೋಡೆ ಹಿಡಿದು ನಿಂತರು, ಕಣ್ಣು ನನ್ನ ಮೇಲಿತ್ತು. ಹೇಗೆ ಕಾರಿಗೆ ಹತ್ತಿಸಿದೆನೋ, ಹೇಗೆ ಓಡಿಸಿದೆನೋ. ಗೇರು ಹೇಳಲು ಇವರಲ್ಲಿ ಉಸಿರಿರಲಿಲ್ಲ. ಆಸ್ಪತ್ರೆಯಲ್ಲಿ ತೂಕ ನಾಲ್ಕು ಕಿಲೋ ಹೆಚ್ಚು ಬಂತು. ಇನ್ನೊಂದು ಸಲ ಹೀಗಾದರೆ ಯಂತ್ರಕ್ಕೆ ಹಾಕುವಷ್ಟು ಹೊತ್ತು ಸಿಗದೇ ಹೋಗಬಹುದು ಎಂದು ನರ್ಸ್ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು. ಈ ಸಲ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಮನೆಗೆ ಬಂದ ಮೇಲೆ ನನ್ನ ಬಾಯಿ ತಡೆಯಲಿಲ್ಲ. "ನಾನು ಒಬ್ಬಳೇ ಎಷ್ಟೂಂತ ಕಾಯ್ಲಿ? ಆ ಕಾರು ಕುಡಿಯುತ್ತೆ, ನೀವು ಊದ್ತೀರಿ. ಎರಡಕ್ಕೂ ಲೆಕ್ಕ ಸಿಗ್ತಿಲ್ಲ ನಂಗೆ" ಎಂದು ಕೂಗಾಡಿದೆ. ಇವರು ಪೇಪರ್ ಮುಖಕ್ಕೆ ಅಡ್ಡ ಹಿಡಿದರು. ನಾಳೆಯಿಂದ ಆರು ಲೋಟ. ಕೊಡುವಾಗ ಲೋಟವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿಯೇ ಕೊಡುತ್ತೇನೆ.

ಮಾರ್ಚ್ 20, ಗುರುವಾರ

ನಿನ್ನೆ ಮಧ್ಯಾಹ್ನ ಬಿಟ್ಟ ಕಾರನ್ನು ಮೇಸ್ತ್ರಿ ಈಗ ಸಂಜೆ ಕೊಟ್ಟ. ಸೋರಿಕೆ ಸಿಕ್ಕಿದೆ! ವಾಟರ್ ಪಂಪಿನ ಅಡಿಯಲ್ಲಿ ಸೂಜಿ ಕಣ್ಣಿನಂಥ ಒಂದು ತೂತು ಇದೆ. ಪಂಪು ಹಳೆಯದಾದರೆ ಆ ತೂತಿನಿಂದ ಜಿನುಗುತ್ತದಂತೆ. ಒಣಗಿದ ನೀರಿನ ಬಿಳಿ ಜಾಡನ್ನು ಟಾರ್ಚ್ ಬಿಟ್ಟು ತೋರಿಸಿದ. ಹೊಸ ಪಂಪು ಶನಿವಾರ ಬರುತ್ತದೆ, ಶುಕ್ರವಾರ ಒಂದು ಸಲ ನಿಧಾನವಾಗಿ ಹೋಗಿ ಬನ್ನಿ ಎಂದ.

"ಆದ್ರೂ ಅಕ್ಕ, ಇದು ವಾರಕ್ಕೆ ಅರ್ಧ ಲೀಟರ್ ಬಿಟ್ರೆ ಹೆಚ್ಚು. ನಿಮ್ಮ ಕ್ಯಾನ್ ಲೆಕ್ಕ ನಂಗೆ ಹಿಡಿಸ್ತಿಲ್ಲ. ಟ್ಯಾಂಕಿನ ಮೇಲೆ ಗೆರೆ ಹಾಕಿ, ಎಷ್ಟು ಇಳೀತು ಅಂತ ಅದನ್ನ ಹೇಳಿ. ಉಳಿದದ್ದು ಬೇಡ, ಹೋದದ್ದು ಬೇಕು."

ಎರಡೂ ಒಂದೇ ಅಲ್ಲವೇನಪ್ಪ ಎಂದೆ. ಅವನು ನಕ್ಕ.

ಬರೀ ನೀರು ಹಾಕಿ ಒಳಗೆಲ್ಲ ತುಕ್ಕು ಹಿಡಿದಿತ್ತು, ಇಟ್ಟಿಗೆ ಬಣ್ಣದ ರಾಡಿಯನ್ನು ಬಸಿದು ಇಂಜಿನ್ ತಣ್ಣಗಿಡುವ ಹಸಿರು ದ್ರವ, ಕೂಲೆಂಟ್, ತುಂಬಿಸಿದ್ದಾನೆ. ನನ್ನ ಕ್ಯಾನನ್ನೂ ಖಾಲಿ ಮಾಡಿ, ಅರ್ಧ ಕೂಲೆಂಟ್ ಅರ್ಧ ನೀರು ಬೆರೆಸಿ ಕೊಟ್ಟ. ಇನ್ನು ಮೇಲೆ ಟ್ಯಾಂಕಿಗೆ ಇದನ್ನೇ ಹಾಕಬೇಕು. ಕೈ ತೊಳೆದುಕೊಳ್ಳಿ, ಇದು ಸಿಹಿ ಇರುತ್ತದೆ ಆದರೆ ವಿಷ, ಗ್ಯಾರೇಜಿನ ನಾಯಿ ಹೋದ ವರ್ಷ ಇದನ್ನೇ ನೆಕ್ಕಿ ಸತ್ತಿತು ಎಂದ. ನಮ್ಮ ಮನೆಯಲ್ಲಿ ನಾಯಿಯೂ ಇಲ್ಲ, ಮಕ್ಕಳೂ ಇಲ್ಲ ಎಂದು ಹೇಳಿ ಬಂದೆ.

ಕ್ಯಾನು ಅದೇ ಜಾಗದಲ್ಲಿದೆ. ನೀಲಿ ಕ್ಯಾನಿನಲ್ಲಿ ಹಸಿರು ಗೊತ್ತೇ ಆಗುವುದಿಲ್ಲ.

ಮಾರ್ಚ್ 22, ಶನಿವಾರ, ಆಸ್ಪತ್ರೆಯಲ್ಲಿ

ಪುಸ್ತಕ ಚೀಲದಲ್ಲೇ ಇತ್ತು. ಇವರು ಮಲಗಿದ್ದಾರೆ. ಪಕ್ಕದ ಸ್ಟೂಲಿನ ಮೇಲೆ ಕೂತು ಬರೆಯುತ್ತಿದ್ದೇನೆ.

ನಿನ್ನೆ ಡಯಾಲಿಸಿಸ್ ಮುಗಿಸಿ ಬರುವಾಗ ನೂಲಿನ ಅಂಗಡಿಯಲ್ಲಿ ನಿಲ್ಲಿಸಿದೆ. ಒಂದು ರವಿಕೆಗೆ ಬಣ್ಣ ಹೊಂದುವ ದಾರ ಬೇಕಿತ್ತು. ಹತ್ತು ನಿಮಿಷವೂ ಆಗಿರಲಿಕ್ಕಿಲ್ಲ. ಹೊರಗೆ ಬಂದು ಕಾರಿನ ಕಡೆ ನೋಡಿದರೆ, ಹಿಂದಿನ ಕಿಟಕಿಯಲ್ಲಿ, ಇವರು ನೀಲಿ ಕ್ಯಾನನ್ನು ಎರಡು ಕೈಯಲ್ಲಿ ಎತ್ತಿ ಬಾಯಿಗೆ ಹಿಡಿದಿದ್ದರು.

ಬಿಳಿ ಅಂಗಿಯ ಮೇಲೆ ಹಸಿರು ಇಳಿಯುತ್ತಿತ್ತು.

ಮೂರು ಲೀಟರ್, ರೇಡಿಯೋ, ಊದಿದ ಪಾದ, ನಾಲ್ಕು ಕಿಲೋ, ಎಲ್ಲವೂ ಒಂದೇ ಕ್ಷಣದಲ್ಲಿ ತಿಳಿಯಿತು. ದಾರದ ಪೊಟ್ಟಣ ಎಲ್ಲಿ ಬಿತ್ತೋ. ಬಾಗಿಲು ಕಿತ್ತು ತೆಗೆದು, "ಉಗುಳ್ರೀ, ಉಗುಳ್ರೀ!" ಎಂದು ಕಿರುಚಿದೆ.

"ಏನಾಯ್ತೇ?"

"ಎಷ್ಟು ಕುಡಿದ್ರಿ?"

ಕದ್ದು ಸಿಕ್ಕಿಬಿದ್ದ ಮುಖ. "ಎರಡು ಗುಟುಕು. ಸಿಹಿ ಅನಿಸ್ತು, ಅದಕ್ಕೇ..."

"ಅದು ನೀರಲ್ಲ. ವಿಷ. ಅದು ವಿಷ ರೀ."

ಆಸ್ಪತ್ರೆಗೆ ವಾಪಸ್ಸು ಹದಿನೇಳು ಕಿಲೋಮೀಟರ್, ನಡುವೆ ಏರು. ಕಾರು ತಿರುಗಿಸಿದೆ. ಮೇಸ್ತ್ರಿ ನಿಧಾನವಾಗಿ ಹೋಗಿ ಎಂದಿದ್ದ. ನಿಧಾನಕ್ಕೆ ಅಲ್ಲಿ ಜಾಗವಿರಲಿಲ್ಲ. ಏರು ಶುರುವಾಗುತ್ತಲೇ ಮುಂದಿನಿಂದ ಕಿರ್ರೆಂದು ಸದ್ದು ಬಂತು, ಪಂಪು ಹೋಯಿತು ಎಂದು ನನಗೇ ಗೊತ್ತಾಯಿತು. ಮುಳ್ಳು ಮುಕ್ಕಾಲು ದಾಟಿತು. ಹೀಟರ್ ಪೂರ್ತಿ ಹಾಕಿ ನಾಲ್ಕೂ ಕಿಟಕಿ ಇಳಿಸಿದೆ. ಮೊದಲು ಒಲೆಯ ಬಾಯಿಯಂಥ ಗಾಳಿ ಮುಖಕ್ಕೆ ಹೊಡೆಯಿತು, ಆಮೇಲೆ ಅದೂ ತಣ್ಣಗಾಯಿತು. ಹೀಟರಿನಲ್ಲಿ ತಣ್ಣನೆ ಗಾಳಿ ಬಂದರೆ ಒಳಗೆ ನೀರು ತಿರುಗುತ್ತಿಲ್ಲ ಎಂದೇ ಅರ್ಥ. ಮುಂದೆ ಹೋಗುತ್ತಿದ್ದ ಲಾರಿಯನ್ನು ದಾಟಿಕೊಂಡು ಹೋದೆ.

"ನಿಲ್ಸು. ಇಂಜಿನ್ ಸೀಜ್ ಆಗುತ್ತೆ" ಎಂದರು ಇವರು.

"ಆಗ್ಲಿ ಬಿಡ್ರಿ."

"ಇಪ್ಪತ್ತೊಂದು ವರ್ಷದ ಗಾಡಿ ಕಣೇ."

"ನೀವು ಅರವತ್ತೆರಡು ವರ್ಷದ ಗಾಡಿ. ಬಾಯಿ ಮುಚ್ಕೊಂಡು ಕೂತ್ಕೊಳ್ಳಿ."

ಮುಳ್ಳು ಕೆಂಪಿನ ಕೊನೆಗೆ ಹೋಗಿ ಅಲ್ಲೇ ಅಂಟಿಕೊಂಡಿತು. ಆಮೇಲೆ ನಾನು ಅದನ್ನು ನೋಡಲಿಲ್ಲ. ಕನ್ನಡಿಯಲ್ಲಿ ಇವರ ಮುಖ ನೋಡುತ್ತಾ ಓಡಿಸಿದೆ. ಏರಿನ ನೆತ್ತಿಯಿಂದ ಆಚೆ ಇಳಿಜಾರು, ಅದೊಂದು ಪುಣ್ಯ. ಆಸ್ಪತ್ರೆಯ ಗೇಟಿನಲ್ಲಿ ಇಂಜಿನ್ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಉಳಿದ ದೂರ ಕಾವಲುಗಾರ ಮತ್ತು ಇಬ್ಬರು ದಾರಿಹೋಕರು ತಳ್ಳಿದರು.

ನರ್ಸಿನ ಕೈಗೆ ಕ್ಯಾನ್ ಕೊಟ್ಟು ಎಲ್ಲ ಹೇಳಿದೆ. ಡಾಕ್ಟರು ಮೇಸ್ತ್ರಿಯ ಜೊತೆ ಫೋನಿನಲ್ಲಿ ಮಾತಾಡಿ, ಅದರಲ್ಲಿ ಏನೇನಿದೆ, ಎಷ್ಟು ಬೆರೆಸಿದ್ದು ಎಂದು ಕೇಳಿಕೊಂಡರು. ಈ ವಿಷವನ್ನು ತೆಗೆಯುವುದೂ ಅದೇ ಯಂತ್ರವಂತೆ. ಮಧ್ಯಾಹ್ನ ಬಿಡಿಸಿಕೊಂಡು ಹೋದ ಹಾಸಿಗೆಯ ಮೇಲೇ ಮತ್ತೆ ಮಲಗಿಸಿದರು. ಸಂಜೆಯವರೆಗೆ ಆ ಗಾಜಿನ ಬಾಗಿಲ ಮುಂದೆ ನಿಂತಿದ್ದೆ. ದೇವರ ಹೆಸರುಗಳೂ ನೆನಪಾಗಲಿಲ್ಲ, ಬರೀ ಭಯ.

ಇವತ್ತು ಬೆಳಿಗ್ಗೆ ರಕ್ತದ ವರದಿ ನೋಡಿ ಡಾಕ್ಟರು, "ಎರಡೇ ಗುಟುಕು ಆದದ್ದು ಒಳ್ಳೇದಾಯ್ತು, ಬೇಗ ತಂದದ್ದು ಇನ್ನೂ ಒಳ್ಳೇದಾಯ್ತು" ಎಂದರು. ನಾಡಿದ್ದು ಮನೆಗೆ ಕಳಿಸುತ್ತಾರಂತೆ. ಒಳಗೆ ಹೋಗಿ ಇವರ ಪಕ್ಕ ಕೂತೆ. ಬೈಯಬೇಕೆಂದು ಪಟ್ಟಿಯೇ ಮಾಡಿಕೊಂಡಿದ್ದೆ.

"ನನ್ನನ್ನ ಒಂದು ಮಾತು ಕೇಳ್ಬಾರ್ದಾ? ನೀರು ಬೇಕು ಅಂತ?"

ಇವರು ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡರು. "ಕೇಳ್ಬೇಕು ಅಂತ ಬರ್ತಿದ್ದೆ. ಬಾಗಿಲ ತನಕ ಬರ್ತಿದ್ದೆ. ನೀನು ಲೋಟ ಎತ್ತಿ ಹಿಡಿದು ನೋಡ್ತಿದ್ದೆ. ಲೋಟ ನೋಡಿದ ಹಾಗೆ ಒಂದ್ಸಲ ನನ್ನ ಮುಖ ನೋಡಿದ್ರೆ ಗೊತ್ತಾಗ್ತಿತ್ತು ನಿಂಗೆ. ಬಾಯಿ ಉರೀತಿತ್ತು ಕಣೇ. ಕಳ್ಳನ ಹಾಗೆ ಕಾರಿಗೆ ಹೋಗಿ ಕೂರ್ತಿದ್ದೆ."

ಪಟ್ಟಿ ಮರೆತುಹೋಯಿತು. ಇವರ ಕೈ ಹಿಡಿದುಕೊಂಡು ಅತ್ತೆ. ಗಟ್ಟಿ ಮನುಷ್ಯ ಎಂದು ಊರಿಗೆಲ್ಲ ಹೇಳಿಕೊಂಡು ಬಂದೆನಲ್ಲ.

ಮಾರ್ಚ್ 24, ಸೋಮವಾರ

ಬೆಳಿಗ್ಗೆ ಯಂತ್ರಕ್ಕೆ ಹಾಕಿ, ಮಧ್ಯಾಹ್ನ, ಇದೊಂದು ಸಲಕ್ಕೆ ಎಂದು, ಆಸ್ಪತ್ರೆಯ ವ್ಯಾನಿನಲ್ಲೇ ಮನೆಗೆ ಕಳಿಸಿದರು. ಕಾರನ್ನು ಮೇಸ್ತ್ರಿ ಶನಿವಾರವೇ ಹಗ್ಗ ಕಟ್ಟಿ ಎಳೆಸಿಕೊಂಡು ಹೋಗಿದ್ದ. ಕಾದು ಕಾದು ಹೆಡ್ ಬಾಗಿದೆ, ಈಗಂತೂ ಬಿಚ್ಚಲೇಬೇಕು. ಡಾಕ್ಟರು ಫೋನಿನಲ್ಲಿ ಕೂಲೆಂಟಿನ ವಿಷಯ ಕೇಳಿದ್ದರಷ್ಟೇ, ಕ್ಯಾನಿನ ಪೂರ್ತಿ ಕಥೆ ನಾನು ಹೇಳಿದೆ. ಅವನು ಸ್ಟೂಲಿನ ಮೇಲೆ ಕುಸಿದು ಕೂತ. "ನಾನೇ ತುಂಬ್ಸಿ ಕೊಟ್ನಲ್ಲ ಅಕ್ಕ" ಎಂದು ಹಣೆ ಹಣೆ ಬಡಿದುಕೊಂಡ. ತಪ್ಪು ನಿಂದಲ್ಲ, ಉಳಿದದ್ದನ್ನು ಅಳೆದವಳು ನಾನು ಎಂದೆ.

ಮೂಲೆಯಲ್ಲಿ ಕೆಟ್ಟು ನಿಂತಿದ್ದ ಗ್ಯಾರೇಜಿನ ಹಳೇ ವ್ಯಾನನ್ನು ಓಡುವಂತೆ ಮಾಡಿದ್ದೇನೆ, ಕಾರು ಸರಿಯಾಗುವವರೆಗೆ ಇಟ್ಟುಕೊಳ್ಳಿ ಎಂದ. ಅದರ ಗೇರು ಗಟ್ಟಿ, ಹಾರನ್ ಇಲ್ಲ. "ಓಡಿಸ್ತೀರಾ?" ಎಂದು ಕೇಳಿದ. ಓಡಿಸಿಕೊಂಡು ಬಂದೆ.

ಮಾರ್ಚ್ 27, ಗುರುವಾರ

ನಿನ್ನೆಯ ತೂಕ ಎರಡು ಕಿಲೋ ಮುನ್ನೂರು ಗ್ರಾಂ ಹೆಚ್ಚು. ನರ್ಸ್ ಬೆನ್ನು ತಟ್ಟಿದಳು, ಯಾರ ಬೆನ್ನು ಎಂದು ಬರೆಯುವುದಿಲ್ಲ. ಏರಿನಲ್ಲಿ ಇವರು ನಿದ್ದೆ ಹೋಗಿದ್ದರು, ಕೆಳಗಿಳಿದ ಮೇಲೆ ಎಬ್ಬಿಸಿದೆ. ಲೋಟ ಮತ್ತೆ ಎಂಟು ಮಾಡಿದ್ದೇನೆ. ಫಿಲ್ಟರು ಅಡುಗೆಮನೆಗೆ ವಾಪಸ್ಸು ಹೋಗಿದೆ.

ಭಯ ಹೋಗಿದೆ ಎಂದರೆ ಸುಳ್ಳು. ಬೆಳಿಗ್ಗೆ ಎದ್ದ ಕೂಡಲೇ ಇವರ ಉಸಿರು ಕೇಳುತ್ತೇನೆ, ಆಮೇಲೆ ಪಾದ ಒತ್ತಿ ನೋಡುತ್ತೇನೆ.

ಮಧ್ಯಾಹ್ನ ಒಂದು ತೋಳು ಕೂಡಿಸುತ್ತಿದ್ದೆ. ಲೋಟದ ಹೊತ್ತಲ್ಲ. ಇವರು ಬಾಗಿಲಿಗೆ ಬಂದು ನಿಂತರು.

"ಲೇ, ಬಾಯಿ ಒಣಗ್ತಿದೆ. ಸ್ವಲ್ಪ ನೀರು ಕೊಡ್ತೀಯಾ?"

ಮಿಷನ್ ನಿಲ್ಲಿಸಿ ತಲೆ ಎತ್ತಿದೆ. ತುಟಿ ಬಿರಿದಿತ್ತು, ಬಾಯಿಯ ಮೂಲೆಯಲ್ಲಿ ಬಿಳಿ ಕಟ್ಟಿತ್ತು. ಎದ್ದು ಹೋಗಿ ಅರ್ಧ ಲೋಟ ತಂದುಕೊಟ್ಟೆ. ಒಂದೊಂದೇ ಗುಟುಕನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ನಿಧಾನವಾಗಿ ಕುಡಿದರು. "ಸಾಕು" ಎಂದು ಲೋಟ ವಾಪಸ್ಸು ಕೊಟ್ಟರು. ತಳದಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ಅದನ್ನು ಅಳೆಯಲಿಲ್ಲ, ನಾನೇ ಕುಡಿದೆ.